ಜೇನಿನ ಬಾಗಿಲು ಹೇಳುವ ಸಮಾಚಾರ

ನಮ್ಮ ಮನೆಗೆ ಬಂದ ನೆಂಟರು ಜೇನುಪೆಟ್ಟಿಗೆ ಕಂಡ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಒಳಗೆ ಎಷ್ಟು ಜೇನಿದೆ?" ಮಕ್ಕಳಾದರೆ, "ಅಜ್ಜಾ, ಮುಚ್ಚಳ ತೆಗೆದು ತೋರಿಸಿ" ಎಂದು ದುಂಬಾಲು ಬೀಳುತ್ತಾರೆ. ನಾನು ಮುಚ್ಚಳ ತೆಗೆಯುವುದಿಲ್ಲ. ಪೆಟ್ಟಿಗೆಯ ಪಕ್ಕಕ್ಕೆ ಐದಾರು ಅಡಿ ದೂರದಲ್ಲಿ ಎರಡು ಮಣೆ ಹಾಕಿ, "ಇಲ್ಲಿ ಕಾಲು ಗಂಟೆ ಕುಳಿತುಕೊಳ್ಳಿ, ಒಳಗಿನ ಸಮಾಚಾರ ತಾನಾಗಿ ಹೊರಗೆ ಬರುತ್ತದೆ" ಎನ್ನುತ್ತೇನೆ. ಕೆಲವರು ನಗುತ್ತಾರೆ. ಕಾಲು ಗಂಟೆ ಕುಳಿತವರು ಸಾಮಾನ್ಯವಾಗಿ ಅರ್ಧ ಗಂಟೆ ಏಳುವುದಿಲ್ಲ.

ನಮ್ಮದು ಸುಳ್ಯದ ಕಡೆಯ ಸಣ್ಣ ಅಡಿಕೆ ತೋಟ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ, ಅಣ್ಣ ನಡೆಸುತ್ತಿದ್ದ ಜೇನು ಸಾಕಣೆ ನನ್ನ ಕೈಗೆ ಬಂತು. ಈಗ ಆರು ಪೆಟ್ಟಿಗೆಗಳಿವೆ. ಎಲ್ಲವೂ ತುಡುವೆ, ಅಂದರೆ ನಮ್ಮ ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಹಳೆ ಗೋಡೆಯ ಸಂದಿನಲ್ಲಿ ಸಾಲಾಗಿ ಎರಿ ಕಟ್ಟುವ ಊರಿನ ಜೇನು. ಬಂಡೆಗೆ, ದೊಡ್ಡ ಮರದ ಕೊಂಬೆಗೆ ಒಂದೇ ಎರಿ ನೇತುಹಾಕುವ ಹೆಜ್ಜೇನನ್ನು, ಪೊದೆಯ ಕಡ್ಡಿಗೆ ಅಂಗೈ ಅಗಲದ ಎರಿ ಕಟ್ಟುವ ಕೋಲುಜೇನನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಲಾಗದು. ಅವಕ್ಕೆ ಬಯಲೇ ಮನೆ. ಕತ್ತಲ ಕೋಣೆಯಲ್ಲಿ ಸಂಸಾರ ಮಾಡುವ ತುಡುವೆಗೆ ಮಾತ್ರ ಬಾಗಿಲು ಎಂಬುದೊಂದಿದೆ. ಈ ಲೇಖನ ಆ ಬಾಗಿಲಿನ ಬಗ್ಗೆ.

ಮುಚ್ಚಳ ತೆಗೆಯಲು ಯಾಕೆ ಹಿಂಜರಿಕೆ ಎಂದರೆ, ಜೇನಿನ ಮರಿಗಳಿರುವ ಜಾಗ ಸುಮಾರು 33ರಿಂದ 36 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿರಬೇಕು. ಹೊರಗೆ ಚಳಿಯಿರಲಿ, ಸೆಕೆಯಿರಲಿ, ನೊಣಗಳು ಹಗಲು ರಾತ್ರಿ ದುಡಿದು ಅದನ್ನು ಹಾಗೇ ಕಾಯ್ದುಕೊಳ್ಳುತ್ತವೆ. ನಾವು ಮುಚ್ಚಳ ತೆಗೆದು ಎರಿ ಎತ್ತಿ ನೋಡಿದರೆ ಆ ದುಡಿಮೆಯೆಲ್ಲ ಗಾಳಿಗೆ ಹೋಯಿತು. ಅದರ ಮೇಲೆ ತುಡುವೆಗೆ ಮುನಿಸು ಜಾಸ್ತಿ. ವಾರಕ್ಕೆ ಮೂರು ಸಲ ಬಿಚ್ಚಿ ನೋಡಿದರೆ, ಒಂದು ಮಧ್ಯಾಹ್ನ ಇಡೀ ಕುಟುಂಬ ಗೂಡು ಬಿಟ್ಟು ಹೊರಟೇ ಹೋಗುತ್ತದೆ. ತೆರೆಯಲೇಬೇಕಾದ ದಿನಗಳಿವೆ, ಇಲ್ಲವೆಂದಲ್ಲ. ಆದರೆ ಯಾವ ದಿನ ತೆರೆಯಬೇಕು ಎಂಬುದನ್ನೂ ಬಾಗಿಲೇ ಹೇಳುತ್ತದೆ.

ಕುಳಿತುಕೊಳ್ಳುವ ಕ್ರಮ ಒಂದಿಷ್ಟು ತಿಳಿದಿರಲಿ. ಬಾಗಿಲಿನ ಎದುರಿಗೆ ಕೂರಬಾರದು, ಅದು ನೊಣಗಳ ಹೆದ್ದಾರಿ. ಪಕ್ಕಕ್ಕೆ ಕೂರಬೇಕು. ಸೆಂಟು ಹಾಕಿಕೊಂಡು ಬರಬಾರದು. ಬಾಳೆಹಣ್ಣು ತಿನ್ನುತ್ತಾ ಬರಲೇಬಾರದು. ಜೇನು ಕಚ್ಚುವಾಗ ಕೊಂಡಿಯ ಬುಡದಿಂದ ಹೊರಡುವ ಅಪಾಯದ ವಾಸನೆ ಮಾಗಿದ ಬಾಳೆಹಣ್ಣಿನ ವಾಸನೆಯಂತೆಯೇ ಇರುತ್ತದೆ. ಒಂದು ನೊಣ ಕಚ್ಚಿದಲ್ಲಿಗೇ ಹತ್ತು ಬಂದು ಕಚ್ಚುವುದು ಆ ವಾಸನೆಯ ಕರೆಗೆ. ಮಕ್ಕಳು ದೊಡ್ಡವರ ಜೊತೆಯಲ್ಲೇ ಕೂರಬೇಕು. ಜೇನು ಕಚ್ಚಿದರೆ ಮೈಯೆಲ್ಲ ದದ್ದು ಏಳುವ, ಉಸಿರು ಕಟ್ಟುವ ಪ್ರಕೃತಿಯವರು ಹತ್ತಿರ ಬರುವುದೇ ಬೇಡ. ಬಿಸಿಲು ಏರಿದ ಬೆಳಗ್ಗೆ ಎಂಟರಿಂದ ಹತ್ತು ಗಂಟೆ ನೋಡಲು ಒಳ್ಳೆಯ ಹೊತ್ತು.

ಮೊದಲು ಕಾಲು ನೋಡಿ. ಹೊರಗಿನಿಂದ ಬರುವ ನೊಣದ ಹಿಂಗಾಲುಗಳಲ್ಲಿ ಎರಡು ಪುಟ್ಟ ಉಂಡೆಗಳಿದ್ದರೆ ಅದು ಪರಾಗ. ಹೂವಿನ ಪುಡಿಗೆ ಸ್ವಲ್ಪ ಮಕರಂದ ಸೇರಿಸಿ ನಾದಿ, ಕಾಲಿನ ಬುಟ್ಟಿಗೆ ಒತ್ತಿಕೊಂಡು ತಂದದ್ದು. ದೊಡ್ಡ ನೊಣಗಳ ಹೊಟ್ಟೆಪಾಡಿಗೆ ಜೇನು ಸಾಕು. ಪರಾಗ ಬೇಕಾಗುವುದು ಮುಖ್ಯವಾಗಿ ಮರಿಗಳನ್ನು ಬೆಳೆಸಲು. ಹಾಗಾದರೆ ಲೆಕ್ಕ ಹಾಕಿ: ಪರಾಗ ಬರುತ್ತಿದೆ ಎಂದರೆ ಒಳಗೆ ಮರಿಗಳಿವೆ. ಮರಿಗಳಿವೆ ಎಂದರೆ ಮೊಟ್ಟೆ ಇಡುವ ರಾಣಿ ಇದ್ದಾಳೆ. ರಾಣಿಯನ್ನು ಕಣ್ಣಿನಿಂದ ನೋಡದೆ, ಅವಳ ಕ್ಷೇಮ ಸಮಾಚಾರ ಕೂಲಿಯವರ ಕಾಲಿನಲ್ಲಿ ಸಿಕ್ಕಿತು. ಒಳಗೆ ಬರುವ ಹತ್ತು ನೊಣಗಳಲ್ಲಿ ಮೂರು ನಾಲ್ಕರ ಕಾಲಿನಲ್ಲಾದರೂ ಉಂಡೆ ಕಂಡರೆ ನಾನು ಆ ಪೆಟ್ಟಿಗೆಯ ಚಿಂತೆ ಬಿಡುತ್ತೇನೆ.

ಉಂಡೆಯ ಬಣ್ಣ ನೋಡುವುದು ಮಕ್ಕಳಿಗೆ ಬಲು ಖುಷಿ. ಒಂದು ನೊಣ ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ಆದ್ದರಿಂದ ಎರಡೂ ಕಾಲಿನ ಉಂಡೆಗೆ ಒಂದೇ ಬಣ್ಣ. ತೆಂಗಿನದು ಮಾಸಲು ಹಳದಿ. ಬಯಲುಸೀಮೆಯ ಸೂರ್ಯಕಾಂತಿ ಹೊಲದ ಪಕ್ಕದಲ್ಲಿ ಪೆಟ್ಟಿಗೆ ಇದ್ದರೆ ಕಿತ್ತಳೆ ಬಣ್ಣ ಬೆರೆತ ಗಾಢ ಹಳದಿ. ಕುಂಬಳದ ಹೂವಿಗೆ ಇಳಿದು ಬಂದದ್ದು ಮೈಗೆಲ್ಲ ಅರಸಿನ ಬಳಿದುಕೊಂಡ ಮದುಮಗಳಂತೆ ಬರುತ್ತದೆ. ಮಳೆಗಾಲದಲ್ಲಿ ಕರ್ಣಕುಂಡಲದ ಹೂವಿನೊಳಗೆ ನುಗ್ಗಿ ಬಂದವುಗಳ ಬೆನ್ನ ಮೇಲೆ ಬಿಳಿ ಪುಡಿ. ನನ್ನ ಮೊಮ್ಮಗಳು ರಜೆಯಲ್ಲಿ ಬಂದಾಗ ಬಣ್ಣದ ಪೆನ್ಸಿಲ್ ಡಬ್ಬಿ ಹಿಡಿದು ಕೂರುತ್ತಾಳೆ. ಇವತ್ತು ಯಾವ ಬಣ್ಣ ಬಂತು ಎಂದು ಕ್ಯಾಲೆಂಡರಿನಲ್ಲಿ ಚುಕ್ಕಿ ಇಡುತ್ತಾಳೆ. ಒಂದು ವರ್ಷ ಹೀಗೆ ಚುಕ್ಕಿ ಇಟ್ಟರೆ, ನಿಮ್ಮ ಮನೆಯಿಂದ ಒಂದೆರಡು ಕಿಲೋಮೀಟರಿನೊಳಗೆ ಯಾವ ತಿಂಗಳು ಏನು ಅರಳುತ್ತದೆ ಎಂಬ ಪಂಚಾಂಗವೇ ಸಿದ್ಧ.

ನಮ್ಮ ಕಡೆ ಒಂದು ಸೂಕ್ಷ್ಮ ಇದೆ. ರಬ್ಬರಿನ ಕಾಲದಲ್ಲಿ, ಅಂದರೆ ಎಲೆ ಉದುರಿ ಹೊಸ ಚಿಗುರು ಬರುವ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ, ಬಾಗಿಲಲ್ಲಿ ಜಾತ್ರೆಯಂಥ ಓಡಾಟ ಇದ್ದರೂ ಪರಾಗದ ಉಂಡೆ ಕಡಿಮೆ. ಹೆದರಬೇಕಾಗಿಲ್ಲ. ರಬ್ಬರಿನಲ್ಲಿ ಜೇನಿಗೆ ಸಿಗುವ ಮಕರಂದ ಹೂವಿನದಲ್ಲ. ಮೂರು ಎಳೆ ಎಲೆ ಸೇರುವ ತೊಟ್ಟಿನ ತುದಿಯಲ್ಲಿ ಸಿಹಿ ಒಸರುತ್ತದೆ. ಆ ಕಾಲದಲ್ಲಿ ಕಾಲು ಬಿಟ್ಟು ಹೊಟ್ಟೆ ನೋಡಬೇಕು. ಹೊರಟ ನೊಣ ತೆಳ್ಳಗೆ, ಹಗುರವಾಗಿ, ಬಾಣದಂತೆ ಹಾರುತ್ತದೆ. ಬಂದದ್ದು ಹೊಟ್ಟೆ ಉಬ್ಬಿಸಿಕೊಂಡು, ಹಿಂಭಾಗ ಜೋತುಬಿಟ್ಟು, ಎಷ್ಟೋ ಸಲ ಬಾಗಿಲಿಗೆ ಮುಟ್ಟದೆ ಕೆಳಗೆ ಹುಲ್ಲಿಗೆ ಬಿದ್ದು, ಒಂದು ಗಳಿಗೆ ಸುಧಾರಿಸಿಕೊಂಡು ಮತ್ತೆ ಏರುತ್ತದೆ. ಈ ಹೊಟ್ಟೆಯ ವಿಚಾರ ನೆನಪಿಟ್ಟುಕೊಳ್ಳಿ, ಮುಂದೆ ದೊಡ್ಡ ತನಿಖೆಗೆ ಬೇಕು.

ಎಲ್ಲಿ ಹೂವಿದೆ ಎಂದು ನೊಣಗಳು ಒಂದಕ್ಕೊಂದು ಕುಣಿದು ಹೇಳುತ್ತವೆ ಎಂಬುದನ್ನು ಕಂಡುಹಿಡಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ತುಡುವೆಯ ಕುಣಿತ ಒಳಗಿನ ಕತ್ತಲೆಯಲ್ಲಿ ನಡೆಯುವುದರಿಂದ ಹೊರಗೆ ಕುಳಿತ ನಮಗೆ ಕಾಣದು. ಕಾಣುವುದು ಅದರ ಫಲ. ಅಲ್ಲೊಂದು ಇಲ್ಲೊಂದು ಹಾರುತ್ತಿದ್ದ ನೊಣಗಳು, ನೋಡನೋಡುತ್ತಿದ್ದಂತೆ ಸಾಲುಗಟ್ಟಿ ಒಂದೇ ದಿಕ್ಕಿಗೆ ಹೊರಡಲು ಶುರುಮಾಡುತ್ತವೆ. ಆ ದಿಕ್ಕಿಗೆ ನಡೆದುಹೋದರೆ ಯಾವುದೋ ಮರ ಹೂಬಿಟ್ಟಿರುತ್ತದೆ. ನಮ್ಮ ಗುಡ್ಡದ ಆಚೆ ಬದಿಯ ನೇರಳೆ ಹೂಬಿಟ್ಟ ಸುದ್ದಿ ನನಗೆ ಪ್ರತಿವರ್ಷ ಬರುವುದು ಹೀಗೆಯೇ.

ಬಾಗಿಲ ಕಾವಲು

ಬಾಗಿಲ ಮುಂದಿನ ಪುಟ್ಟ ಜಗಲಿಯಲ್ಲಿ ಎಲ್ಲಿಗೂ ಹೋಗದೆ, ಮುಂಗಾಲು ಎತ್ತಿಕೊಂಡು ನಿಂತ ಕೆಲವು ನೊಣಗಳಿರುತ್ತವೆ. ಅವು ಕಾವಲುಗಾರರು. ಬಂದವರ ಮೈಯನ್ನು ಮೀಸೆಯಿಂದ ಮುಟ್ಟಿ ವಾಸನೆ ನೋಡುತ್ತವೆ. ಮನೆಯ ವಾಸನೆ ಇದ್ದರೆ ಪ್ರವೇಶ, ಇಲ್ಲದಿದ್ದರೆ ಕುತ್ತಿಗೆಪಟ್ಟಿ. ಬ್ಯಾಂಕಿನಲ್ಲಿ ಸಹಿ ಹೊಂದಿಸಿ ನೋಡುತ್ತಿದ್ದ ನನಗೆ ಈ ಕೆಲಸದ ಮೇಲೆ ವಿಶೇಷ ಗೌರವ. ಕಾವಲು ನಿಲ್ಲುವುದು ಜೀವನಪೂರ್ತಿಯ ಹುದ್ದೆಯಲ್ಲ. ಸುಗ್ಗಿಯಲ್ಲಿ ಕೆಲಸಗಾರ ನೊಣದ ಆಯುಷ್ಯ ಸುಮಾರು ಆರು ವಾರ. ಮೊದಲ ಎರಡು ಮೂರು ವಾರ ಗುಡಿಸುವುದು, ಮರಿಗಳಿಗೆ ಉಣಿಸುವುದು, ಎರಿ ಕಟ್ಟುವುದು ಮುಂತಾದ ಮನೆಗೆಲಸ. ಅದು ಮುಗಿದು ಹೊರಗೆ ದುಡಿಯಲು ಹೊರಡುವ ಮುಂಚೆ, ಕೆಲವಕ್ಕೆ ಸ್ವಲ್ಪ ದಿನ ಈ ಬಾಗಿಲ ಪಾರುಪತ್ಯ.

ತುಡುವೆಯ ಕಾವಲು ನೋಡಬೇಕಾದದ್ದು ಕಣಜ ಬಂದಾಗ. ದೊಡ್ಡ ಕಣಜ ಬಾಗಿಲೆದುರು ಗಾಳಿಯಲ್ಲಿ ತೂಗುತ್ತಾ ನಿಂತರೆ, ಜಗಲಿಯ ನೊಣಗಳೆಲ್ಲ ಒತ್ತೊತ್ತಾಗಿ ಸೇರಿ ಒಟ್ಟಿಗೆ ಮೈ ನಡುಗಿಸುತ್ತವೆ. ನೀರಿನ ಮೇಲೆ ಅಲೆ ಸರಿದಂತೆ ಕಾಣುತ್ತದೆ. ಆದರೂ ಧೈರ್ಯ ಮಾಡಿ ಕಣಜ ಇಳಿದರೆ ಮುಗಿಯಿತು, ನೊಣಗಳೆಲ್ಲ ಅದರ ಮೇಲೆ ಮುಗಿಬಿದ್ದು ಉಂಡೆ ಕಟ್ಟುತ್ತವೆ. ಕಚ್ಚಿ ಕೊಲ್ಲುವುದಿಲ್ಲ, ಬೇಯಿಸಿ ಕೊಲ್ಲುತ್ತವೆ! ರೆಕ್ಕೆಯ ಸ್ನಾಯುಗಳನ್ನು ಬಿಗಿಹಿಡಿದು ನಡುಗಿಸಿ ಉಂಡೆಯೊಳಗಿನ ಬಿಸಿಯನ್ನು ಸುಮಾರು 46, 47 ಡಿಗ್ರಿಗೆ ಏರಿಸುತ್ತವೆ. ಜಪಾನಿನ ವಿಜ್ಞಾನಿಗಳು ಅಲ್ಲಿಯ ತುಡುವೆಯಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಕಣಜಕ್ಕೆ ಆ ಬಿಸಿ ತಡೆಯದು, ಜೇನಿಗೆ ಅದಕ್ಕಿಂತ ಸ್ವಲ್ಪ ಮೇಲಿನವರೆಗೂ ತಡೆಯುತ್ತದೆ. ಆ ಎರಡು ಮೂರು ಡಿಗ್ರಿಯ ಅಂತರದಲ್ಲಿ ಒಂದು ಸಂಸಾರದ ಜೀವ ನಿಂತಿದೆ.

ಕಣಜಕ್ಕೆ ಈ ಉಪಾಯ ಇದೆ. ಕೆಂಪು ಚಗಳಿಗೆ ಇಲ್ಲ. ಚಗಳಿ ಇರುವೆಗಳು ಬಾಗಿಲ ಅಂಚಿನಲ್ಲಿ ಹೊಂಚು ಹಾಕಿ ಬರುವ ನೊಣಗಳ ಕಾಲು ಹಿಡಿದು ಎಳೆಯುತ್ತವೆ. ಪೆಟ್ಟಿಗೆಯ ಕಂಬದ ಬುಡಕ್ಕೆ ನೀರಿನ ಬಟ್ಟಲು ಇಡುವುದು ಅದಕ್ಕೇ. ಹುಲ್ಲಿನ ಗರಿಯೊಂದು ಬಾಗಿ ಪೆಟ್ಟಿಗೆಗೆ ತಾಗಿದರೆ ಸಾಕು, ಚಗಳಿಗೆ ಸೇತುವೆ ಆಯಿತು. ಹಲ್ಲಿ, ಓತಿಕ್ಯಾತ, ಸಂಜೆಗೆ ಪೆಟ್ಟಿಗೆ ಕೆಳಗೆ ಬಂದು ಕೂರುವ ಕಪ್ಪೆ, ತಂತಿಯ ಮೇಲಿನ ಕಳ್ಳಿಪೀರ ಹಕ್ಕಿ ಇವೆಲ್ಲ ಬಂದು ಹೋಗುವ ತೆರಿಗೆಯವರು. ಅಷ್ಟಿಷ್ಟು ಕೊಟ್ಟು ಕಳಿಸುವುದೇ ಸೈ.

ಇನ್ನು ಬೀಸಣಿಗೆಯವರು. ಸೆಕೆಯ ಮಧ್ಯಾಹ್ನ ಕೆಲವು ನೊಣಗಳು ಬಾಗಿಲಲ್ಲಿ ಕಾಲೂರಿ ನಿಂತು ಜಾಗ ಬಿಡದೆ ರೆಕ್ಕೆ ಬೀಸುತ್ತಿರುತ್ತವೆ. ನಮ್ಮ ತುಡುವೆ ತಲೆಯನ್ನು ಹೊರಗೆ ಮಾಡಿ ನಿಂತು ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತದೆ. ಹೊರದೇಶದಿಂದ ತಂದ ಮೆಲ್ಲಿಫೆರಾ ಜೇನು ಇದಕ್ಕೆ ತದ್ವಿರುದ್ಧ. ತಲೆ ಬಾಗಿಲಿನ ಕಡೆ, ಬೆನ್ನು ನಮ್ಮ ಕಡೆ. ಅದು ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಪೆಟ್ಟಿಗೆ ಯಾವ ಜಾತಿಯದೆಂದು ದೂರದಿಂದಲೇ ಹೇಳಿ ಮಕ್ಕಳ ಮುಂದೆ ಜಂಬ ಕೊಚ್ಚಿಕೊಳ್ಳಲು ಇಷ್ಟು ಸಾಕು. ಹಿಂಭಾಗವನ್ನು ಮೇಲೆತ್ತಿ ಬೀಸುತ್ತಿದ್ದರೆ ಅದು ಗಾಳಿಗಾಗಿ ಅಲ್ಲ, "ಮನೆ ಇಲ್ಲಿದೆ, ಬನ್ನಿ" ಎಂದು ಕರೆಯುವುದು. ಆಗ ಅವು ಹೊರಬಿಡುವ ವಾಸನೆಯಲ್ಲಿ ಮಜ್ಜಿಗೆಹುಲ್ಲಿನ ಪರಿಮಳದ ಅಂಶವೇ ಇದೆ.

ಗುಂಪು ಯಾರದು?

ಬಾಗಿಲು ಓದುವವರಿಗೆ ನಿಜವಾದ ಪರೀಕ್ಷೆ ಇರುವುದು ಗುಂಪು ಕಂಡಾಗ. ಬಾಗಿಲಲ್ಲಿ ನೂರಾರು ನೊಣ ಗಿಜಿಗುಟ್ಟುತ್ತಿದ್ದರೆ ನೋಡಿದವರು, "ಆಹಾ, ಎಂಥ ಭರ್ತಿ ಪೆಟ್ಟಿಗೆ!" ಎನ್ನುತ್ತಾರೆ. ಬ್ಯಾಂಕಿನ ಮುಂದೆ ಜನಜಂಗುಳಿ ಕಂಡ ಕೂಡಲೇ ಬ್ಯಾಂಕು ಗಟ್ಟಿಯಾಗಿದೆ ಎಂದುಕೊಂಡ ಹಾಗೆ. ಆ ಜನ ದುಡ್ಡು ಕಟ್ಟಲು ಬಂದವರೋ, ಗಾಳಿಸುದ್ದಿ ಕೇಳಿ ಇದ್ದಬದ್ದದ್ದನ್ನು ತೆಗೆಯಲು ಓಡಿಬಂದವರೋ ಎಂದು ರಸ್ತೆಯಲ್ಲಿ ನಿಂತವನಿಗೆ ತಿಳಿಯದು. ಕೌಂಟರಿನ ಒಳಗಿದ್ದವನಿಗೆ ಗೊತ್ತಾಗುತ್ತದೆ.

ಮೊದಲನೆಯ ಗುಂಪು ಬಾಲವಾಡಿ. ಬಿಸಿಲಿರುವ ಮಧ್ಯಾಹ್ನ, ಮನೆಗೆಲಸ ಮುಗಿಸಿದ ಎಳೆ ನೊಣಗಳು ಒಟ್ಟಾಗಿ ಹೊರಬಂದು, ಪೆಟ್ಟಿಗೆಗೆ ಮುಖಮಾಡಿ, ಗಾಳಿಯಲ್ಲಿ ಎಡಕ್ಕೆ ಬಲಕ್ಕೆ ತೂಗಾಡುತ್ತವೆ. ಮನೆ ಎಲ್ಲಿದೆ, ಪಕ್ಕದಲ್ಲಿ ಯಾವ ಮರ ಎಂದು ಗುರುತು ಹಾಕಿಕೊಳ್ಳುವ ಅಭ್ಯಾಸ ಅದು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಎಲ್ಲ ಶಾಂತ. ಜಗಳವಿಲ್ಲ, ಗಡಿಬಿಡಿಯಿಲ್ಲ. ಇದನ್ನು ಕಂಡರೆ ಸಂತೋಷಪಡಬೇಕು. ಐದಾರು ವಾರದ ಹಿಂದೆ ರಾಣಿ ಚೆನ್ನಾಗಿ ಮೊಟ್ಟೆ ಇಟ್ಟಿದ್ದಳು ಎಂಬ ರಸೀದಿ ಅದು.

ಎರಡನೆಯದು ದರೋಡೆ. ಮಳೆಗಾಲದ ಆಸುಪಾಸಿನಲ್ಲಿ, ಹೊರಗೆ ಹೂವಿಲ್ಲದಾಗ, ಬಲವಾದ ಪೆಟ್ಟಿಗೆಯ ನೊಣಗಳು ದುರ್ಬಲ ಪೆಟ್ಟಿಗೆಗೆ ನುಗ್ಗುತ್ತವೆ. ಇಲ್ಲೂ ಗುಂಪು, ಇಲ್ಲೂ ಗಿಜಿಗಿಜಿ. ಆದರೆ ನಿಧಾನವಾಗಿ ನೋಡಿದರೆ ಲಕ್ಷಣವೇ ಬೇರೆ. ಮನೆಯವರು ನೇರವಾಗಿ ಬಂದು ಇಳಿಯುತ್ತಾರೆ, ಕಳ್ಳರು ಅತ್ತಿತ್ತ ತೂಗುತ್ತಾ ಹೊಂಚು ನೋಡುತ್ತಾರೆ. ಮುಚ್ಚಳದ ಸಂದು, ಹಲಗೆಯ ಬಿರುಕು ಎಲ್ಲ ಕಡೆ ಮೂಸುತ್ತಾರೆ. ಜಗಲಿಯಲ್ಲಿ ಎರಡೆರಡು ನೊಣ ತಬ್ಬಿಕೊಂಡು ಉರುಳಾಡುತ್ತಿರುತ್ತವೆ. ಕೆಲವು ಕಳ್ಳ ನೊಣಗಳು ಮೈಯ ರೋಮ ಉದುರಿ ಎಣ್ಣೆ ಹಚ್ಚಿದಂತೆ ಕಪ್ಪಗೆ ಮಿರುಗುತ್ತವೆ. ಕಾಲಿನಲ್ಲಿ ಪರಾಗವಿಲ್ಲ. ಎಲ್ಲಕ್ಕಿಂತ ಮುಖ್ಯ ಆ ಹೊಟ್ಟೆಯ ಲೆಕ್ಕ: ಇಲ್ಲಿ ಒಳಗೆ ಹೋಗುವಾಗ ಹೊಟ್ಟೆ ಖಾಲಿ, ಹೊರಬರುವಾಗ ತುಂಬಿರುತ್ತದೆ. ಹಾರಲು ಜಗಲಿಯ ತುದಿಯಿಂದ ಧುಮುಕಿ ಕೆಳಕ್ಕೆ ಜಗ್ಗಿ ಮೇಲೇಳುತ್ತವೆ. ಠೇವಣಿ ಅಲ್ಲ, ಲೂಟಿ.

ಕಳ್ಳರ ಮನೆ ಯಾವುದೆಂದು ತಿಳಿಯಲು ಹಳೆಯ ಉಪಾಯವೊಂದಿದೆ. ದರೋಡೆಗೆ ಒಳಗಾದ ಪೆಟ್ಟಿಗೆಯಿಂದ ಹೊರಬರುವ ನೊಣಗಳ ಮೇಲೆ ಚಿಟಿಕೆ ಮೈದಾಹಿಟ್ಟು ಉದುರಿಸಿ. ಆಮೇಲೆ ಉಳಿದ ಪೆಟ್ಟಿಗೆಗಳ ಬಾಗಿಲಿಗೆ ಹೋಗಿ ನೋಡಿ. ಬೆಳ್ಳಗಾಗಿ ಬಂದವು ಎಲ್ಲಿ ಇಳಿಯುತ್ತವೋ ಅದೇ ಕಳ್ಳರ ಮನೆ. ನಮ್ಮಲ್ಲಿ ಒಂದು ಆಗಸ್ಟಿನಲ್ಲಿ ಹೀಗೆ ಹಿಟ್ಟು ಹಾಕಿದಾಗ, ಅಂಗಳದ ಮೂಲೆಯ ನನ್ನ ಅತ್ಯಂತ ಒಳ್ಳೆಯ ಪೆಟ್ಟಿಗೆ ಸಿಕ್ಕಿಬಿತ್ತು. ಊರಿಗೇ ಉದಾಹರಣೆಯಾಗಿ ತೋರಿಸುತ್ತಿದ್ದ ಪೆಟ್ಟಿಗೆ! ಬಾಗಿಲನ್ನು ಒಂದೇ ನೊಣ ನುಸುಳುವಷ್ಟು ಕಿರಿದು ಮಾಡಿ, ಸಂದುಗಳಿಗೆ ಮಣ್ಣು ಮೆತ್ತಿ, ಒಂದು ಹಿಡಿ ಹುಲ್ಲನ್ನು ಬಾಗಿಲ ಮುಂದೆ ಸಡಿಲವಾಗಿ ಇಟ್ಟರೆ ಕಾವಲಿನವರಿಗೆ ಬಲ ಬರುತ್ತದೆ. ಸಕ್ಕರೆ ಪಾಕ ಕೊಡುವುದಿದ್ದರೆ ಕತ್ತಲಾದ ಮೇಲೆ, ಒಂದು ಹನಿಯೂ ಹೊರಗೆ ಚೆಲ್ಲದಂತೆ, ಎಲ್ಲ ಪೆಟ್ಟಿಗೆಗೂ ಒಟ್ಟಿಗೆ ಕೊಡಬೇಕು.

ಮೂರನೆಯ ಗುಂಪು ಪಾಲಾಗಲು ಹೊರಟದ್ದು. ಮಳೆ ಮುಗಿದು ಚಳಿ ಹತ್ತಿದ ಮೇಲೆ ಕುಟುಂಬ ಬೆಳೆದು ಜಾಗ ಸಾಲದಾದಾಗ, ಹಳೆಯ ರಾಣಿ ಅರ್ಧ ಪ್ರಜೆಗಳನ್ನು ಕಟ್ಟಿಕೊಂಡು ಹೊರಡುತ್ತಾಳೆ. ಇದರ ಮುನ್ಸೂಚನೆ ತುಡುವೆಯಲ್ಲಿ ಬಹಳ ಚಂದ. ಗಂಡುನೊಣದ ಮರಿಯಿರುವ ಕೋಶಕ್ಕೆ ಗೋಪುರದಂಥ ಮುಚ್ಚಳ, ಅದರ ನಡುವೆ ಸೂಜಿಮೊನೆಯಷ್ಟು ತೂತು. ಗಂಡುಗಳು ಹೊರಬರುವಾಗ ಆ ಮುಚ್ಚಳ ಕಳಚಿ ಕೆಳಗೆ ಬೀಳುತ್ತದೆ, ಕೆಲಸಗಾರರು ಅದನ್ನು ಗುಡಿಸಿ ಬಾಗಿಲಿಗೆ ತಳ್ಳುತ್ತಾರೆ. ಬಾಗಿಲ ಮುಂದೆ ನಡುವೆ ತೂತಿರುವ ಪುಟ್ಟ ಟೋಪಿಗಳು ಬಿದ್ದಿದ್ದರೆ, ಮದುವೆಯ ಗಂಡುಗಳು ತಯಾರು, ಇನ್ನು ಕೆಲವೇ ದಿನಗಳಲ್ಲಿ ಪಾಲಾಗುವ ಸಂಭವ ಎಂದು ತಿಳಿಯಬಹುದು. ಜಪಾನಿನ ಹಳ್ಳಿಗರೂ ತಮ್ಮ ತುಡುವೆಯ ಬಾಗಿಲಲ್ಲಿ ಇದೇ ಟೋಪಿಗಾಗಿ ಕಾಯುತ್ತಾರೆ. ಜೊತೆಗೆ ನೊಣಗಳು ದುಡಿಯಲು ಹೋಗದೆ ಬಾಗಿಲಲ್ಲಿ ಗಡ್ಡ ಬಿಟ್ಟಂತೆ ಜೋತುಬಿದ್ದಿರುತ್ತವೆ. ಸೆಕೆಯ ಸಂಜೆಯಲ್ಲಿ ಗಡ್ಡ ಬಿಟ್ಟರೆ ಅದು ಗಾಳಿಗಾಗಿ. ತಂಪು ಬೆಳಗಿನಲ್ಲೂ ಬಿಟ್ಟರೆ ಜಾಗ ಸಾಲದು ಎಂದರ್ಥ. ಮುಚ್ಚಳ ತೆಗೆದು ನೋಡಬೇಕಾದ ದಿನ ಎಂದೆನಲ್ಲ, ಇದು ಅಂಥ ದಿನ.

ಅಂಗಳದಲ್ಲಿ ಬಿದ್ದ ಹೆಣಗಳು

ಜೇನು ಶುಚಿಯ ಪ್ರಾಣಿ. ಒಳಗೆ ಸತ್ತದ್ದನ್ನು ಹೊರಗೆ ಹಾಕುತ್ತದೆ. ಹಾಗಾಗಿ ಬಾಗಿಲ ಕೆಳಗಿನ ನೆಲ ಮರಣ ರಿಜಿಸ್ಟರು. ದಿನಕ್ಕೆ ಕೆಲವು ಮುದಿ ನೊಣಗಳು, ರೆಕ್ಕೆ ಹರಿದು ಬಿದ್ದಿದ್ದರೆ ಅದು ಸಹಜ. ಕರಿ ಹಿಕ್ಕೆ, ಮೇಣದ ಪುಡಿ, ಜೇಡರ ಬಲೆಯಂಥ ನೂಲು ಕಂಡರೆ ಒಳಗೆ ಮೇಣದ ಪತಂಗ ಸೇರಿದೆ. ಬಿಳಿ ಮರಿಗಳನ್ನು ಎಳೆದು ಹಾಕುತ್ತಿದ್ದರೆ ಹಸಿವು ಇರಬಹುದು, ರೋಗವೂ ಇರಬಹುದು.

ರೋಗದ ಮಾತು ಬಂದರೆ ನಮ್ಮ ಕಡೆಯ ಹಿರಿಯರಿಗೆ 1991, 92ರ ನೆನಪು ಬರುತ್ತದೆ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗೆ ತಗಲಿದ ಕಾಲ. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು. ಮರಿ ನೊಣವಾಗುವ ಮೊದಲೇ, ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ. ಕೇರಳ, ಕೊಡಗು, ದಕ್ಷಿಣ ಕನ್ನಡದಲ್ಲೆಲ್ಲ ಸಾಕಿದ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನಾಶವಾದವೆಂದು ಅಂದಾಜು. ಅಣ್ಣನ ಹದಿನೆಂಟು ಪೆಟ್ಟಿಗೆಗಳಲ್ಲಿ ಉಳಿದದ್ದು ಒಂದು. ನಾನು ಆಗ ದೂರದ ಶಾಖೆಯಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದೆ. ಅಣ್ಣ ಬೆಳಗ್ಗೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗಿ, ಬಾಗಿಲ ಮುಂದೆ ಬಗ್ಗಿ, ಬಿದ್ದ ಮರಿಗಳನ್ನು ತೆಂಗಿನ ಗೆರಟೆಯಲ್ಲಿ ಹೆಕ್ಕಿ, ದೂರ ಒಯ್ದು ಸುಡುತ್ತಿದ್ದ. ಏನೂ ಮಾತಾಡುತ್ತಿರಲಿಲ್ಲ. ಈಗ ನಮ್ಮಲ್ಲಿರುವ ಆರು ಕುಟುಂಬಗಳಲ್ಲಿ ಎರಡು, ಉಳಿದ ಆ ಒಂದರಿಂದ ಪಾಲಾಗಿ ಬಂದ ವಂಶ ಎಂದು ಮನೆಯಲ್ಲಿ ಎಲ್ಲರ ನಂಬಿಕೆ.

ಏಳೆಂಟು ವರ್ಷದ ಹಿಂದೆ, ಜನವರಿಯ ಒಂದು ಬೆಳಗ್ಗೆ ಹತ್ತು ಗಂಟೆಗೆ, ಪೂರ್ವದ ಬದಿಯ ಎರಡು ಪೆಟ್ಟಿಗೆಗಳ ಮುಂದೆ ಬೇರೆಯೇ ದೃಶ್ಯ ಕಂಡಿತು. ನೆಲದಲ್ಲಿ ನೊಣಗಳು ನಡುಗುತ್ತಾ, ಬುಗುರಿಯಂತೆ ತಿರುಗುತ್ತಾ ಬಿದ್ದಿದ್ದವು. ಸತ್ತವುಗಳ ನಾಲಿಗೆ ಉದ್ದಕ್ಕೆ ಹೊರಚಾಚಿತ್ತು. ಕಾವಲಿನವು ಬಂದವರನ್ನು ಒಳಗೆ ಬಿಡದೆ ತಳ್ಳುತ್ತಿದ್ದವು. ನಾಲಿಗೆ ಚಾಚಿ ರಾಶಿ ಬಿದ್ದದ್ದು ವಿಷದ ಲಕ್ಷಣ. ನಾನು ಒಂದಷ್ಟನ್ನು ಹಳೆ ಪಾಸ್‌ಬುಕ್ಕಿನ ಮೇಲೆ ಹರಡಿ ಕನ್ನಡಕ ಹಾಕಿ ನೋಡಿದೆ. ಎಷ್ಟೋ ನೊಣಗಳ ಕಾಲಿನಲ್ಲಿ ಪರಾಗದ ಉಂಡೆ ಹಾಗೇ ಇತ್ತು. ಅಂದರೆ ಅವು ದುಡಿದು ಹಿಂದಿರುಗುವಾಗ, ಬುಟ್ಟಿ ಇಳಿಸುವ ಮೊದಲೇ ಬಿದ್ದವು. ವಿಷ ಇದ್ದದ್ದು ಗೂಡಿನಲ್ಲಲ್ಲ, ದಾರಿಯಲ್ಲಿ. ಪೂರ್ವಕ್ಕೆ ಇದ್ದದ್ದು ನೆರೆಮನೆಯ ಗೇರುತೋಟ, ಆಗ ಭರ್ತಿ ಹೂವಿನಲ್ಲಿತ್ತು.

ಆ ಪಾಸ್‌ಬುಕ್ಕನ್ನು ಹಾಗೇ ಹಿಡಿದುಕೊಂಡು ಹೋದೆ. ತೋಟದ ಯಜಮಾನ ನನ್ನ ಮಗನ ಪ್ರಾಯದವನು. ಔಷಧಿ ಬಿಟ್ಟು ಬಂದು ಕೈ ತೊಳೆಯುತ್ತಿದ್ದ.

"ಏನು ಮಾವ, ಬೆಳಿಗ್ಗೆಯೇ?"

"ಇದು ನೋಡು ಮಾರಾಯ, ನಿನ್ನ ತೋಟಕ್ಕೆ ಕೆಲಸಕ್ಕೆ ಬಂದವರು."

ಅವನು ಸ್ವಲ್ಪ ಹೊತ್ತು ನೋಡಿದ. "ಮಾವ, ನಾನು ಬೇಕೆಂದು ಮಾಡಿದ್ದಲ್ಲ. ಚಹಾ ಸೊಳ್ಳೆ ಹೂವಿಗೆ ಕೂತಿದೆ. ಎರಡು ದಿನ ಬಿಟ್ಟರೆ ಗೊಂಚಲು ಗೊಂಚಲೇ ಕರಟಿ ಹೋಗ್ತದೆ. ಮತ್ತೆ ನಾನು ಸೊಸೈಟಿ ಸಾಲಕ್ಕೆ ಎಂತ ಕಟ್ಟುದು?"

ಅವನ ಮಾತೂ ಸುಳ್ಳಲ್ಲ. ಚಹಾ ಸೊಳ್ಳೆ ಎಂಬ ಕೀಟ ಎಳೆ ಚಿಗುರು, ಹೂಗೊಂಚಲಿನ ರಸ ಹೀರಿ ಒಣಗಿಸುವುದನ್ನು ಗೇರು ಬೆಳೆದವರೆಲ್ಲ ಕಂಡಿದ್ದಾರೆ. ಸಾಲದ ಕಂತು ಕಟ್ಟಲಾಗದೆ ಕೌಂಟರಿನಲ್ಲಿ ತಲೆ ತಗ್ಗಿಸಿ ನಿಂತವರನ್ನು ನಾನು ಮೂವತ್ತು ವರ್ಷ ನೋಡಿದವನು. ಜಗಳ ಮಾಡಲು ಮನಸ್ಸು ಬರಲಿಲ್ಲ. ಅವನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತಾ ಒಂದು ಒಪ್ಪಂದಕ್ಕೆ ಬಂದೆವು. ಔಷಧಿ ಬಿಡುವ ಹಿಂದಿನ ದಿನ ಅವನು ಫೋನ್ ಮಾಡಬೇಕು. ಬೆಳಗ್ಗೆ ಬಿಡಬಾರದು, ನೊಣಗಳು ಮನೆ ಸೇರಿದ ಮೇಲೆ, ಸಂಜೆ ಬಿಡಬೇಕು. ನಾನು ಮರುದಿನ ಬೆಳಗ್ಗೆ ಸ್ವಲ್ಪ ಹೊತ್ತು ಆ ಬದಿಯ ಪೆಟ್ಟಿಗೆಗಳ ಬಾಗಿಲಿಗೆ ಗಾಳಿಯಾಡುವ ತಂತಿಬಲೆ ಕಟ್ಟಿ, ಮೇಲೆ ಒದ್ದೆ ಗೋಣಿ ಹೊದಿಸಿ ಕಾಯಬೇಕು. ಹೂ ಭರ್ತಿ ಅರಳಿದ ದಿನಗಳಲ್ಲಿ ಆದಷ್ಟು ಔಷಧಿ ಬೇಡ. ಕಾಗದವಿಲ್ಲ, ಸಹಿಯಿಲ್ಲ. ಇವತ್ತಿನವರೆಗೆ ಒಂದು ಫೋನೂ ತಪ್ಪಿಲ್ಲ.

ಆ ಎರಡು ಪೆಟ್ಟಿಗೆಗಳಲ್ಲಿ ಒಂದು ಚೇತರಿಸಿಕೊಂಡಿತು, ಇನ್ನೊಂದು ಉಳಿಯಲಿಲ್ಲ. ಅದರ ಬಾಗಿಲಲ್ಲಿ ನಾಲ್ಕೈದು ದಿನ ಬೆರಳೆಣಿಕೆಯ ನೊಣಗಳು ಅತ್ತಿತ್ತ ನಡೆದಾಡುತ್ತಿದ್ದವು, ಹಾರುತ್ತಿರಲಿಲ್ಲ. ಹೊರಗೆ ದುಡಿಯುವವರೆಲ್ಲ ಸತ್ತು, ಒಳಗಿನ ಎಳೆಯರು ಮಾತ್ರ ಉಳಿದ ಮನೆಯ ಸ್ಥಿತಿ ಅದು. ಪರಾಗ ಬರಲೇ ಇಲ್ಲ.

ಆಟಿ ತಿಂಗಳ ಮೌನ

ನಮ್ಮ ಊರಿನ ಮಳೆಗಾಲದಲ್ಲಿ, ಅದರಲ್ಲೂ ಆಟಿಯಲ್ಲಿ, ಬಾಗಿಲು ಓದುವುದು ಕಷ್ಟ. ದಿನಗಟ್ಟಲೆ ಮಳೆ ಹಿಡಿದರೆ ಒಂದು ನೊಣವೂ ಹೊರಗೆ ಬಾರದು. ಮೌನ ಎಂದರೆ ಸಾವು ಎಂದು ಗಾಬರಿಯಾಗುವುದು ಬೇಡ. ಮಳೆ ಬಿಟ್ಟು ಹತ್ತು ನಿಮಿಷ ಬಿಸಿಲು ಬಂದಾಗ ಏನಾಗುತ್ತದೆ ಎಂದು ನೋಡಬೇಕು. ಕುಟುಂಬ ಚೆನ್ನಾಗಿದ್ದರೆ ಆ ಹತ್ತು ನಿಮಿಷದಲ್ಲೇ ನಾಲ್ಕು ನೊಣ ಹೊರಬಿದ್ದು, ಒಂದಾದರೂ ಎಲ್ಲಿಂದಲೋ ಪರಾಗ ತಂದೀತು. ಬಿಸಿಲು ಬಂದರೂ ಬಾಗಿಲು ಖಾಲಿಯಿದ್ದರೆ ಪೆಟ್ಟಿಗೆಗೆ ಕಿವಿಯಿಟ್ಟು ಬೆರಳ ಗಂಟಿನಿಂದ ಒಮ್ಮೆ ಮೆಲ್ಲಗೆ ತಟ್ಟಿ. ತುಡುವೆ ಒಟ್ಟಿಗೆ "ಬುಸ್" ಎಂದು ಹಾವಿನಂತೆ ಉತ್ತರ ಕೊಟ್ಟು ಕೂಡಲೇ ಸುಮ್ಮನಾಗುತ್ತದೆ. ಆ ಬುಸ್ ಗಟ್ಟಿಯಿದ್ದರೆ ಸಮಾಧಾನ. ಕ್ಷೀಣವಾಗಿದ್ದರೆ, ಎಷ್ಟೋ ದಿನಗಳಿಂದ ಪರಾಗವೂ ಬಂದಿಲ್ಲವಾದರೆ, ಒಳಗೆ ಮರಿ ಇಲ್ಲ, ದಾಸ್ತಾನು ಮುಗಿದಿದೆ. ಮರಿ ಇಲ್ಲದ ತುಡುವೆಗೆ ಆ ಮನೆಯ ಹಂಗಿಲ್ಲ. ಮುಂದಿನ ಬಿಸಿಲಿಗೆ ಗೂಡು ಬಿಟ್ಟು ಹೊರಟುಬಿಡಬಹುದು.

ಅಂಥ ಸಂಜೆ ನಾನು ಸಕ್ಕರೆಗೆ ಅಷ್ಟೇ ಅಳತೆಯ ನೀರು ಹಾಕಿ ಪಾಕ ಮಾಡಿ, ಆರಿಸಿ, ಕತ್ತಲಾದ ಮೇಲೆ ಗೆರಟೆಯಲ್ಲಿ ಹುಯ್ದು ಪೆಟ್ಟಿಗೆಯೊಳಗೆ ಇಡುತ್ತೇನೆ. ನೊಣಗಳು ಮುಳುಗದಂತೆ ಅದರಲ್ಲಿ ನಾಲ್ಕು ಕಡ್ಡಿ ತೇಲಿಬಿಡಬೇಕು. ಒಂದು ವಾರ ಹೀಗೆ ಕೊಟ್ಟ ಮೇಲೆ ಮಳೆಯ ನಡುವಿನ ಒಂದು ಬಿಡುವಿನಲ್ಲಿ ಕೊಡೆ ಹಿಡಿದು ಪೆಟ್ಟಿಗೆಯ ಪಕ್ಕ ನಿಂತು ನೋಡುತ್ತೇನೆ, ಯಾವುದಾದರೂ ಕಾಲಿನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಉಂಡೆ ಬರುತ್ತದೆಯೇ ಎಂದು.